ಓದುಗರ ಪ್ರಶ್ನೆ: ರೇಷನ್ ಅಕ್ಕಿ ಉಣ್ಣೋ ಮನೇಲಿ ತೂಕ ಇಳಿಸೋದು ಹೇಗೆ?

ಹೋದ ಸಂಚಿಕೇಲಿ ಬೊಜ್ಜಿನ ಬಗ್ಗೆ ಬರೆದಿದ್ದಕ್ಕೆ ತುಂಬಾ ಪತ್ರ ಬಂದಿವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೇಳಿರೋದು ಒಂದೇ ಮಾತು, ಮೇಡಂ ಇದೆಲ್ಲ ದುಡ್ಡಿದ್ದೋರಿಗೆ ಆಯ್ತು, ನಮ್ಮಂಥೋರಿಗೆ ಏನು ಅಂತ. ಕೇಳಿದ್ದು ಸರಿಯಾಗೇ ಇದೆ. ಐದು ಪತ್ರ ತಗೊಂಡಿದೀನಿ. ಮೊದಲನೇದಕ್ಕೆ ಉತ್ತರ ಉದ್ದ ಆಯ್ತು, ಯಾಕಂದ್ರೆ ಬಡವರ ಮಧ್ಯೆ ತೂಕ ಇಳಿಸೋ ಕಾರ್ಯಕ್ರಮ ಮಾಡೋಕೆ ಹೊರಟಿರೋರು ಇನ್ನೂ ಎಷ್ಟೋ ಜನ ಇದ್ದಾರೆ.

ಪ್ರಶ್ನೆ: ಮೇಡಂ ನಮಸ್ತೆ. ನಾನು ಬೆಂಗಳೂರಲ್ಲಿ ಒಂದು ಸಣ್ಣ ಸಂಸ್ಥೇಲಿ ಕೆಲಸ ಮಾಡ್ತೀನಿ. ಒಂದು ಸ್ಲಮ್‌ನಲ್ಲಿ 40 ಜನ ಹೆಂಗಸರಿಗೆ ತೂಕ ಇಳಿಸೋ ಕಾರ್ಯಕ್ರಮ ಇಟ್ಕೊಂಡ್ವಿ. ಡಯಟಿಷಿಯನ್ ಕರೆಸಿ ಎಲ್ರಿಗೂ ಚಾರ್ಟ್ ಕೊಡಿಸಿದ್ವಿ (ಫೋಟೋ ಕಳಿಸಿದೀನಿ). ಮೂರನೇ ವಾರಕ್ಕೆ 9 ಜನ ಉಳಿದ್ರು. ಅವರಿಗೆ ಆಸಕ್ತಿ ಇಲ್ಲ ಬಿಡು ಅಂತಾರೆ ನಮ್ಮ ಮೇಲಿನವರು. ಇನ್ನೊಂದ್ಸಲ 6 ತಿಂಗಳು ಮಾಡೋವಷ್ಟು ದುಡ್ಡಿದೆ. ಈ ಸಲ ಹೇಗೆ ಮಾಡಿದ್ರೆ ಉಳ್ಕೋತಾರೆ? — ಸಂಯೋಜಕಿ, ಬೆಂಗಳೂರು

ಉತ್ತರ: ಚಾರ್ಟ್ ನೋಡಿದೆ. ಬೆಳಿಗ್ಗೆ ಓಟ್ಸ್, 11 ಗಂಟೆಗೆ ಗ್ರೀನ್ ಟೀ ಜೊತೆ ಆರು ಬಾದಾಮಿ, ಮಧ್ಯಾಹ್ನ ಎರಡು ಚಪಾತಿ ಒಂದು ಬಟ್ಟಲು ಸಲಾಡ್, ರಾತ್ರಿ 7ಕ್ಕೆ ಸೂಪ್. ಮನೆಕೆಲಸಕ್ಕೆ ಹೋಗೋ ಹೆಣ್ಣುಮಗಳು 11 ಗಂಟೆಗೆ ಮೂರನೇ ಮನೇಲಿ ಪಾತ್ರೆ ತೊಳೀತಿರ್ತಾಳೆ, ರಾತ್ರಿ 7ಕ್ಕೆ ಅವಳ ಮನೇಲಿ ಇನ್ನೂ ಒಲೆ ಹಚ್ಚಿರಲ್ಲ, ಅವಳು ಸೂಪ್ ಕುಡಿದು ಮಲಗಿದ್ರೆ ಗಂಡ ಮಕ್ಕಳಿಗೆ ಬೇರೆ ಅಡುಗೆ ಮಾಡೋರು ಯಾರು? 31 ಜನ ಬಿಟ್ಟು ಹೋಗಿದ್ದಕ್ಕೆ ಆಸಕ್ತಿ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಆ ಚಾರ್ಟ್ ಹಿಡ್ಕೊಂಡೂ ಒಂಬತ್ತು ಜನ ಮೂರನೇ ವಾರದವರೆಗೆ ಬಂದ್ರಲ್ಲ, ಅವರಿಗೆ ಎಷ್ಟು ಆಸೆ ಇತ್ತು ಅಂತ ಅದರಲ್ಲೇ ಗೊತ್ತಾಗತ್ತೆ.

ಆದ್ರಿಂದ ಈ ಸಲ ಮೊದಲ ಎರಡು ವಾರ ಏನೂ ಹೇಳಬೇಡಿ, ಬರೀ ಕೇಳಿ. ಮನೇಲಿ ಎಷ್ಟು ಜನ, ಅಡುಗೆ ಯಾರು ಮಾಡ್ತಾರೆ, ಸಾಮಾನು ಯಾರು ತರ್ತಾರೆ, ರೇಷನ್ ಏನು ಬರತ್ತೆ, ನಲ್ಲಿ ನೀರು ಎಷ್ಟು ಗಂಟೆಗೆ ಬರತ್ತೆ. ನೀರಿನ ವಿಷಯ ಯಾಕೆ ಕೇಳ್ತೀನಿ ಅಂದ್ರೆ, ನಾವು ಒಂದು ಕಡೆ ಬೆಳಿಗ್ಗೆ 6ಕ್ಕೆ ವಾಕಿಂಗ್ ಗ್ರೂಪ್ ಅಂತ ಮಾಡಿದ್ವಿ, ಸೋಮವಾರ ಗುರುವಾರ ಒಬ್ಬರೂ ಬರ್ತಿರಲಿಲ್ಲ, ಒಂದು ತಿಂಗಳು ಕಳೆದ ಮೇಲೆ ಗೊತ್ತಾಯ್ತು ಆ ಎರಡು ದಿನ ಅದೇ ಹೊತ್ತಿಗೆ ಬೀದೀಲಿ ನೀರು ಬಿಡ್ತಾರೆ ಅಂತ. ಕೇಳಿದ್ರೆ ಮೊದಲನೇ ದಿನಾನೇ ಹೇಳಿರೋರು.

ಆಮೇಲೆ ರೇಷನ್ ಲೆಕ್ಕ ಹಾಕಿ. ಬಿಪಿಎಲ್ ಕಾರ್ಡಿಗೆ ಕೇಂದ್ರದ್ದು ತಲಾ 5 ಕೆಜಿ, ರಾಜ್ಯದ್ದೂ ಸೇರಿ 10 ಕೆಜಿ ಅಕ್ಕಿ ಬಂದಿರೋ ತಿಂಗಳುಗಳೂ ಇವೆ. 10 ಕೆಜಿ ಪೂರ್ತಿ ಮನೇಲೇ ಉಂಡ್ರೆ ದಿನಕ್ಕೆ ಒಬ್ಬರಿಗೆ 330 ಗ್ರಾಂ ಅಕ್ಕಿ ಆಯ್ತು, ಬರೀ ಅನ್ನದಿಂದಾನೇ ಸುಮಾರು 1,150 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಮಾರ್ಗಸೂಚೀಲಿ 2,000 ಕ್ಯಾಲೊರಿ ಊಟಕ್ಕೆ ಎಲ್ಲಾ ಧಾನ್ಯ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ ಅಂತ ಇದೆ. ಈಗ 400 ಗ್ರಾಂ ತರಕಾರಿ ನಾಲ್ಕು ಜನಕ್ಕೆ ಅಂದ್ರೆ ದಿನಕ್ಕೆ 1.6 ಕೆಜಿ, ಕೆಜಿಗೆ 40 ರೂಪಾಯಿ ಅಂತ ಹಿಡಿದ್ರೂ ದಿನಕ್ಕೆ 64, ತಿಂಗಳಿಗೆ 1,900 ರೂಪಾಯಿ ದಾಟತ್ತೆ. ಅಕ್ಕಿ ಪುಕ್ಕಟೆ, ತರಕಾರಿಗೆ 1,900. ತಟ್ಟೇಲಿ ಅನ್ನ ಯಾಕೆ ಗುಡ್ಡ ಆಗತ್ತೆ ಅನ್ನೋದಕ್ಕೆ ಇಷ್ಟು ಲೆಕ್ಕ ಸಾಕು. ಅಕ್ಕಿ ಕೊಡಬಾರದು ಅಂತ ನಾನು ಖಂಡಿತ ಹೇಳ್ತಿಲ್ಲ, ಅಕ್ಕಿ ಬರೋಕೆ ಮುಂಚೆ ಈ ಮನೆಗಳಲ್ಲಿ ಹಸಿದು ಮಲಗಿದ ಮಕ್ಕಳನ್ನ ನಾನು ನೋಡಿದೀನಿ. ಅನ್ನದ ಪಕ್ಕ ಇನ್ನೇನು ಬರಬೇಕು, ಅದಕ್ಕೆ ದುಡ್ಡು ಎಲ್ಲಿಂದ ಅನ್ನೋದೇ ನಿಮ್ಮ ಕಾರ್ಯಕ್ರಮದ ಮುಖ್ಯ ಪ್ರಶ್ನೆ.

ದುಡ್ಡು ಎಣ್ಣೇಲಿದೆ. ನಾವು ಮಾಡೋದು ಇಷ್ಟೇ, ಎಣ್ಣೆ ಪ್ಯಾಕೆಟ್ ಕತ್ತರಿಸಿದ ದಿನ ಅದರ ಮೇಲೇ ಪೆನ್ನಲ್ಲಿ ತಾರೀಖು ಬರೀರಿ, ಖಾಲಿ ಆದ ದಿನಾನೂ ಬರೆದು ಆ ಕವರ್ ಮೀಟಿಂಗಿಗೆ ತನ್ನಿ ಅಂತ ಹೇಳೋದು. ಓದೋಕೆ ಬರ್ದೇ ಇರೋರ ಮನೇಲಿ ಮಕ್ಕಳು ಬರೀತಾರೆ. ಒಬ್ಬರ ಕವರ್ ಮೇಲೆ 3 ಮತ್ತು 9 ಅಂತ ಇತ್ತು, ಐದು ಜನದ ಮನೇಲಿ ಒಂದು ಲೀಟರ್ ಆರು ದಿನ, ಅಂದ್ರೆ ತಿಂಗಳಿಗೆ 5 ಲೀಟರ್. ಕಮ್ಮಿ ಮಾಡಿ ಅಂತ ನಾವು ಹೇಳೋಕೆ ಮುಂಚೇನೇ ಪಕ್ಕದಲ್ಲಿ ಕೂತಿದ್ದ ಅಜ್ಜಿ, ಬಾಟಲಿಂದ ಸೀದಾ ಬಗ್ಗಿಸ್ತೀಯಾ, ಒಗ್ಗರಣೆ ಸೌಟಲ್ಲಿ ಅಳೆದು ಹಾಕು ಅಂದ್ರು. ಮುಂದಿನ ತಿಂಗಳು ಅದೇ ಪ್ಯಾಕೆಟ್ ಒಂಬತ್ತು ದಿನ ಬಂತು. ತಿಂಗಳಿಗೆ ಒಂದೂವರೆ ಲೀಟರಿಗೂ ಜಾಸ್ತಿ ಉಳೀತು, ಆ ದುಡ್ಡಲ್ಲಿ ಐದು ಕೆಜಿ ತರಕಾರಿ ಬರತ್ತೆ, ಜೊತೆಗೆ ಮನೇಲಿ ಪ್ರತಿಯೊಬ್ಬರಿಗೂ ದಿನಕ್ಕೆ 90 ಕ್ಯಾಲೊರಿ ಹತ್ತಿರ ಕಮ್ಮಿ ಆಯ್ತು. ಯಾರೂ ಉಪವಾಸ ಬೀಳಲಿಲ್ಲ, ಯಾರಿಗೂ ಬೇರೆ ಅಡುಗೆ ಮಾಡಲಿಲ್ಲ.

ಅಡುಗೆ ತೋರಿಸೋದಾದ್ರೆ ಅವರಿಗೆ ಗೊತ್ತಿರೋದನ್ನೇ ಮುಂದೆ ತನ್ನಿ. ಬಸ್ಸಾರು ನೋಡಿ, ಹುರುಳಿಕಾಳೋ ಅಲಸಂದೆಯೋ ಸೊಪ್ಪಿನ ಜೊತೆ ಬೇಯಿಸಿ ಬಸಿದ್ರೆ ಕಟ್ಟು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ, ಒಂದೇ ಪಾತ್ರೆ, ಒಂದೇ ಸಲದ ಗ್ಯಾಸು, ಎರಡು ಚಮಚ ಎಣ್ಣೇಲಿ ಇಡೀ ಮನೆ ಊಟ. ಎಷ್ಟೋ ಮನೇಲಿ ಇದು ನಿಂತೋಗಿದೆ, ಕೇಳಿದ್ರೆ ಸೊಪ್ಪು ಬಿಡಿಸೋಕೆ ಟೈಮಿಲ್ಲ ಅಂತಾರೆ, ಅದು ನಿಜ. ಹಂಗಾಗಿ ನಮ್ಮ ಗುಂಪುಗಳಲ್ಲಿ ಮೀಟಿಂಗಿಗೆ ಬರುವಾಗಲೇ ಸೊಪ್ಪು ತರ್ತಾರೆ, ಮಾತಾಡ್ತಾ ಬಿಡಿಸ್ತಾರೆ, ಹೋಗುವಾಗ ಎಲ್ಲರ ಕವರಲ್ಲೂ ಮಾರನೇ ದಿನದ ಸೊಪ್ಪು ರೆಡಿ. ಒಂದು ಮಾತು, ರಾಗಿ ತಿಂದ್ರೆ ಸಣ್ಣ ಆಗ್ತಾರೆ ಅಂತ ಹೇಳಿಕೊಡಬೇಡಿ. ರಾಗೀಲಿ ಕ್ಯಾಲ್ಸಿಯಂ, ನಾರು ಚೆನ್ನಾಗಿದೆ, ಹೊಟ್ಟೆ ಹಿಡಿಯತ್ತೆ, ಆದ್ರೆ ಹಿಟ್ಟಿಂದ ಹಿಟ್ಟಿಗೆ ಕ್ಯಾಲೊರಿ ನೋಡಿದ್ರೆ ಅಕ್ಕಿಗೂ ಅದಕ್ಕೂ ಅಂಥ ವ್ಯತ್ಯಾಸ ಇಲ್ಲ, ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನ ಉಂಡ್ರೆ ತೂಕ ಏರೇ ಏರತ್ತೆ.

ಇನ್ನೊಂದು ಎಚ್ಚರ. ಇದೇ ಹೆಂಗಸರಲ್ಲಿ ರಕ್ತಹೀನತೆನೂ ಇರತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ ಸುಮಾರು 30 ಹೆಂಗಸರಿಗೆ ತೂಕ ಜಾಸ್ತಿ, ಅದೇ ಸಮೀಕ್ಷೇಲಿ ಅರ್ಧದ ಹತ್ತಿರ ಹೆಂಗಸರಿಗೆ ರಕ್ತ ಕಮ್ಮಿ. ಎಷ್ಟೋ ಸಲ ಎರಡೂ ಒಬ್ಬಳೇ ಹೆಂಗಸಿನ ಮೈಯಲ್ಲಿ. "ಕಮ್ಮಿ ತಿನ್ನಿ" ಅಂತ ಒಂದು ಮಾತು ಹೇಳಿಬಿಟ್ರೆ ಅವಳು ಮೊದಲು ಬಿಡೋದು ತನ್ನ ಪಾಲಿನ ಮೊಟ್ಟೆ, ತನ್ನ ಪಾಲಿನ ಹಾಲು, ಅನ್ನ ಹಂಗೇ ಉಳ್ಕೊಳ್ಳತ್ತೆ. ಆ ಮಾತು ನಿಮ್ಮ ಕಾರ್ಯಕ್ರಮದಲ್ಲಿ ಎಲ್ಲೂ ಬರಬಾರದು. ಗರ್ಭಿಣಿಯರು, ಎದೆಹಾಲು ಕೊಡ್ತಿರೋರನ್ನ ತೂಕ ಇಳಿಸೋ ಗುಂಪಿಗೆ ಸೇರಿಸ್ಕೋಬೇಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಊಟ ಬದಲಾಯಿಸೋಕೆ ಮುಂಚೆ ಡಾಕ್ಟರ್ ಹತ್ರ ಕೇಳಲೇಬೇಕು.

ಗುಂಪು ಮಾಡಿದ್ರೆ ಸಾಕಾ ಅಂತ ಕೇಳಿದ್ರೆ ಕೇರಳದ್ದು ಹೇಳಬೇಕು. ತಿರುವನಂತಪುರ ಜಿಲ್ಲೆ ನೆಯ್ಯಾಟಿಂಕರ ತಾಲೂಕಲ್ಲಿ ಶುಗರ್ ಬರೋ ಅಪಾಯ ಇರೋ 1,007 ಜನರನ್ನ ತಗೊಂಡು, ಅದರಲ್ಲಿ ಅರ್ಧ ಜನಕ್ಕೆ ಊರಿನವರನ್ನೇ ಮುಂದಾಳು ಮಾಡಿ ಒಂದು ವರ್ಷ ಗುಂಪು ನಡೆಸಿದ್ರು, ಫಲಿತಾಂಶ 2018ರಲ್ಲಿ ಪ್ರಕಟ ಆಯ್ತು. ಎರಡು ವರ್ಷಕ್ಕೆ ಗುಂಪಲ್ಲಿದ್ದೋರಲ್ಲಿ 14.9% ಜನಕ್ಕೆ ಶುಗರ್ ಬಂತು, ಇಲ್ಲದೋರಲ್ಲಿ 17.1%, ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವಾಗೂ ಬರಬಹುದು, ಗುಂಪಿಂದಾನೇ ಅಂತ ಹೇಳೋಕಾಗಲ್ಲ. ಆದ್ರೆ ಹಣ್ಣು ತರಕಾರಿ ತಿನ್ನೋದು ಜಾಸ್ತಿ ಆಯ್ತು, ಕುಡಿಯೋದು ಕಮ್ಮಿ ಆಯ್ತು. ಅದಕ್ಕೂ ಮುಂಚೆ 2006ರಲ್ಲಿ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ತೋರಿಸಿದ್ದು ಇನ್ನೂ ಮುಖ್ಯ, ಊಟ ನಡಿಗೆ ಸರಿ ಮಾಡಿದೋರಿಗೆ ಸಕ್ಕರೆ ಕಾಯಿಲೆ ಬರೋ ಸಂಭವ ಸುಮಾರು 28% ಕಮ್ಮಿ ಆಯ್ತು, ಅದೂ ಹೇಳಿಕೊಳ್ಳೋವಷ್ಟು ತೂಕ ಇಳಿಯದೇನೇ. ನಿಮ್ಮ ಮೇಲಿನವರಿಗೆ ಇದನ್ನ ಓದಿಸಿ. ಆರು ತಿಂಗಳಾದ ಮೇಲೆ ಬರೀ ಕೆಜಿ ಲೆಕ್ಕ ಕೇಳಿದ್ರೆ ನೀವೂ ಸೋತ್ರಿ, ಆ ಹೆಂಗಸರೂ ಸೋತ್ರು ಅನ್ಸತ್ತೆ. ಎಣ್ಣೆ ಪ್ಯಾಕೆಟ್ ಎಷ್ಟು ದಿನ ಬಂತು, ವಾರದಲ್ಲಿ ಎಷ್ಟು ದಿನ ಸೊಪ್ಪು ಕಾಳು ಆಯ್ತು, ಸೊಂಟದ ಅಳತೆ, ಬಿಪಿ, ಎಷ್ಟು ಜನ ಉಳಿದ್ರು, ಇವನ್ನ ಬರೆದಿಡಿ. 68 ಕೆಜಿ ಇರೋರು ಆರು ತಿಂಗಳಲ್ಲಿ ಮೂರೂವರೆ ಕೆಜಿ ಇಳಿದ್ರೆ ಅದು ತುಂಬಾ ಒಳ್ಳೇ ಇಳಿತ, ಅದನ್ನೂ ಮೊದಲೇ ಹೇಳಿಡಿ.

ತೂಕದ ನಂಬರ್ ಮಾತ್ರ ಎಲ್ಲರ ಮುಂದೆ ಜೋರಾಗಿ ಓದಬೇಡಿ. ಒಂದು ಕ್ಯಾಂಪಲ್ಲಿ ನಾನೇ ಇದ್ದೆ, ಮೈಕಲ್ಲಿ ಹೆಸರು ಕೂಗಿ 84 ಅಂತ ಓದಿದ್ರು, ಆ ಹೆಂಗಸು ಸೆರಗು ಹೊದ್ದು ಇಳಿದು ಹೋದೋರು ವಾಪಸ್ ಬರಲೇ ಇಲ್ಲ.

ಪ್ರಶ್ನೆ: ನಾನು ಗಾರ್ಮೆಂಟ್ಸಲ್ಲಿ ಟೈಲರ್. ಬೆಳಿಗ್ಗೆ 5ಕ್ಕೆ ಎದ್ದು ಅಡುಗೆ ಮಾಡಿ 8ಕ್ಕೆ ಬಸ್ಸು ಹಿಡೀಬೇಕು, ಸಂಜೆ ಬರೋದು 7. ಇಡೀ ದಿನ ಕೂತೇ ಕೆಲಸ. ಎರಡು ಹೆರಿಗೆ ಆದ್ಮೇಲೆ 14 ಕೆಜಿ ಜಾಸ್ತಿ ಆಗಿದೀನಿ. ವ್ಯಾಯಾಮ ಮಾಡಿ ಅಂತಾರೆ, ಯಾವಾಗ ಮಾಡ್ಲಿ? — ಓದುಗರು, ರಾಮನಗರ

ಉತ್ತರ: ನಿಮ್ಮ ದಿನದಲ್ಲಿ ಒಂದು ಗಂಟೆ ಖಾಲಿ ಇಲ್ಲ ಅನ್ನೋದು ಪತ್ರದಲ್ಲೇ ಕಾಣ್ತಿದೆ ತಾಯಿ, ಅದಕ್ಕೆ ಒಂದು ಗಂಟೆ ಹೇಳಲ್ಲ. ಹತ್ತು ನಿಮಿಷ ಮೂರು ಸಲ ಆದ್ರೂ ಮೈಗೆ ಲೆಕ್ಕ ಬರತ್ತೆ. ಸಂಜೆ ಬೆಳಕಿರೋ ದಿನ, ಜೊತೇಲಿ ಯಾರಾದ್ರೂ ಇದ್ದಾಗ, ಒಂದು ಸ್ಟಾಪ್ ಮೊದಲೇ ಇಳಿದು ಇಬ್ಬರೂ ನಡ್ಕೊಂಡು ಬನ್ನಿ. ಕತ್ತಲಾದ್ರೆ ಬೇಡ. ಊಟದ ಬಿಡುವಲ್ಲಿ ಐದು ನಿಮಿಷ ಓಡಾಡಿ, ಕೂತಲ್ಲೇ ಕಾಲು ನೀಡಿ ಮಡಚೋದು ಹತ್ತು ಸಲ.

ನಡಿಗೆಗಿಂತ ಮೊದಲು ಟೀ ನೋಡಿ. ಮನೇಲಿ ಎರಡು, ಫ್ಯಾಕ್ಟರೀಲಿ ಎರಡು, ಸಂಜೆ ಒಂದು, ಐದು ಲೋಟಕ್ಕೆ ಎರಡೆರಡು ಚಮಚ ಸಕ್ಕರೆ ಅಂದ್ರೆ 50 ಗ್ರಾಂ, 200 ಕ್ಯಾಲೊರಿ. ದಿನಕ್ಕೆ 25 ಗ್ರಾಂ ಒಳಗೆ ಇರಲಿ ಅಂತಾರೆ. ಒಂದೇ ಸಲ ನಿಲ್ಲಿಸಬೇಡಿ, ವಾರಕ್ಕೆ ಅರ್ಧ ಚಮಚ ಇಳಿಸಿ, ನಾಲಿಗೆಗೆ ಗೊತ್ತಾಗಲ್ಲ. ಸಂಜೆ ಬಸ್ಸಲ್ಲಿ ಹಸಿವಾಗಿ ಐದು ರೂಪಾಯಿ ಬಿಸ್ಕೆಟ್ಟೋ ಚಿಪ್ಸೋ ತಗೊಳ್ಳೋದು ಎಲ್ಲರೂ ಮಾಡೋದೇ, ಬೆಳಿಗ್ಗೇನೇ ಒಂದು ಹಿಡಿ ಹುರಿಗಡಲೆ ಬ್ಯಾಗಲ್ಲಿ ಹಾಕ್ಕೊಂಡ್ರೆ ರಾತ್ರಿ ಊಟದ ಹೊತ್ತಿಗೆ ಆ ರಾಕ್ಷಸ ಹಸಿವು ಇರಲ್ಲ. ಆಮೇಲೆ, ಟಾಯ್ಲೆಟ್ಟಿಗೆ ಬಿಡಲ್ಲ ಅಂತ ನೀರು ಕುಡಿಯೋದು ಬಿಟ್ಟಿದ್ರೆ ದಯವಿಟ್ಟು ಅದನ್ನ ನೀವೊಬ್ಬರೇ ಸಹಿಸಬೇಡಿ, ಲೈನಲ್ಲಿರೋ ನಾಲ್ಕು ಜನ ಸೇರಿ ಸೂಪರ್‌ವೈಸರ್ ಹತ್ರ ಮಾತಾಡಿ.

ಈ ಪತ್ರ ಕಾರ್ಯಕ್ರಮ ಮಾಡೋರೂ ಓದಲಿ. ಸರ್ಕಾರದ "ನಮ್ಮ ಕ್ಲಿನಿಕ್" ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ 4.30, ಇವರು ಮನೇಲಿ ಇರೋದೇ ಭಾನುವಾರ. ದುಡಿಯೋರಿಗೆ ಅಂತ ಏನೇ ಮಾಡಿದ್ರೂ ಭಾನುವಾರ ಮಾಡಿ, ಇಲ್ಲಾ ಫ್ಯಾಕ್ಟರಿ ಗೇಟಿನ ಹತ್ರ ಮಾಡಿ.

ಪ್ರಶ್ನೆ: ನಮ್ಮಮ್ಮ ಪೌರಕಾರ್ಮಿಕರು. ದಿನಾ ಕಿಲೋಮೀಟರ್‌ಗಟ್ಟಲೆ ಕಸ ಗುಡಿಸ್ತಾರೆ, ಆದ್ರೂ ದಪ್ಪ ಇದ್ದಾರೆ, ಶುಗರೂ ಬಂದಿದೆ. ಪರಿಚಯದೋರೊಬ್ಬರು ಊಟದ ಬದಲು ಕುಡಿಯೋ ಪೌಡರ್ ಕೊಡ್ತೀವಿ, ತಿಂಗಳಿಗೆ ಎರಡು ಸಾವಿರ, ಗೃಹಲಕ್ಷ್ಮಿ ದುಡ್ಡು ಬರತ್ತಲ್ಲ ಅದರಲ್ಲೇ ತಗೊಳ್ಳಿ ಅಂತಿದ್ದಾರೆ. ತಗೊಳ್ಳೋದಾ? — ಮಗ, ಮೈಸೂರು

ಉತ್ತರ: ಬೇಡಪ್ಪಾ. ಆ ಎರಡು ಸಾವಿರ ಅಮ್ಮನ ಕೈಗೆ ಬರೋ ದುಡ್ಡು, ಅದರಲ್ಲಿ ತಿಂಗಳು ಪೂರ್ತಿ ಮನೆಗೆ ಸೊಪ್ಪು, ಕಾಳು, ಮೊಟ್ಟೆ ಬರತ್ತೆ. ಪೌಡರ್ ನಿಲ್ಲಿಸಿದ ತಿಂಗಳು ತೂಕ ವಾಪಸ್ ಬರೋದನ್ನ ಎಷ್ಟೋ ಮನೇಲಿ ನೋಡಿದೀನಿ. ಶುಗರ್ ಮಾತ್ರೆ ತಗೊಂಡು ಊಟ ಬಿಟ್ಟು ಬಿಸಿಲಲ್ಲಿ ಗುಡಿಸೋಕೆ ಹೋದ್ರೆ ಶುಗರ್ ಇಳಿದು ರಸ್ತೇಲೇ ಬೀಳಬಹುದು, ಅದು ದೊಡ್ಡ ಅಪಾಯ.

ಇಷ್ಟು ದುಡಿದ್ರೂ ಯಾಕೆ ಅಂತ ಕೇಳಿದ್ದೀಯ. ನಿಮ್ಮೂರಲ್ಲೇ ಹೋಲ್ಡ್ಸ್‌ವರ್ತ್ ಆಸ್ಪತ್ರೇಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಉದ್ದ ಎಲ್ಲಾ ಬರೆದಿಟ್ಟಿದ್ರು, ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದಾಗ ಹುಟ್ಟುವಾಗ ಸಣ್ಣಗಿದ್ದೋರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು, 1996ರಲ್ಲಿ ಪ್ರಕಟ ಆದ ಅಧ್ಯಯನ ಅದು. ಅಂದ್ರೆ ತಾಯಿ ಹೊಟ್ಟೇಲಿದ್ದಾಗ ಏನು ಸಿಕ್ತು ಅನ್ನೋದೂ ಐವತ್ತನೇ ವರ್ಷದ ಮೈಯಲ್ಲಿ ಲೆಕ್ಕಕ್ಕೆ ಬರತ್ತೆ. ಅಮ್ಮನ ಹೊಟ್ಟೆ ಸುತ್ತ ಇರೋ ಬೊಜ್ಜು ಅವರ ಸೋಮಾರಿತನದ್ದಲ್ಲ, ಇದನ್ನ ಮನೇಲಿ ಎಲ್ಲರಿಗೂ ಹೇಳು. ಬೆಳಗಿನ ಜಾವ ಬರೀ ಟೀ ಕುಡಿದು ಹೋಗಿ ಮಧ್ಯಾಹ್ನ ಬಂದು ಒಂದೇ ಸಲ ತಟ್ಟೆ ತುಂಬಾ ಅನ್ನ ಉಣ್ತಾರಾ ನೋಡು, ಈ ಕೆಲಸದೋರಲ್ಲಿ ಅದು ತುಂಬಾ ಸಾಮಾನ್ಯ. ಹೋಗೋಕೆ ಮುಂಚೆ ಒಂದು ಲೋಟ ರಾಗಿ ಅಂಬಲಿ ಮಜ್ಜಿಗೆ ಹಾಕಿ ಕೊಡು, ನೀನೇ ಮಾಡಿ ಕೊಡು. ಮಧ್ಯಾಹ್ನ ಪಲ್ಯ ಮೊದಲು, ಅನ್ನ ಆಮೇಲೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. 30 ವರ್ಷ ದಾಟಿದೋರಿಗೆ ಶುಗರ್, ಬಿಪಿ ಥರದ ಕಾಯಿಲೆ ಅಪಾಯ ನೋಡೋ ಫಾರಂ ತುಂಬುವಾಗ ಸೊಂಟ ಅಳೀಬೇಕು, ಅಳೆಯೋಕೆ ಬಿಡಲ್ಲ, ನಗ್ತಾರೆ. ಅಂದಾಜಿಗೆ ಬರೆದ್ರೆ ಆಗಲ್ವಾ? — ಚಿತ್ರದುರ್ಗ ಜಿಲ್ಲೆ

ಉತ್ತರ: ಅಂದಾಜು ಬೇಡ ಅಕ್ಕ, ಆ ಅಳತೆಗೆ ಅಂಕ ಇದೆ, ಒಟ್ಟು 4 ದಾಟಿದ್ರೆ ಅವರನ್ನ ಮೊದಲು ತಪಾಸಣೆಗೆ ಕಳಿಸಬೇಕು, ಅಂದಾಜಲ್ಲಿ ಒಬ್ಬರು ತಪ್ಪಿ ಹೋಗ್ತಾರೆ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದ್ರೆ ಅಂಕ ಶುರು, ಟೈಲರ್ ಟೇಪಲ್ಲಿ ಮೂವತ್ತೊಂದೂವರೆ ಇಂಚು ಮತ್ತು ಮೂವತ್ತೈದೂವರೆ ಇಂಚು. ಒಳಗೆ ಕರ್ಕೊಂಡು ಹೋಗಿ, ಟೇಪ್ ಅವರ ಕೈಗೇ ಕೊಡಿ, ಸೀರೆ ನೆರಿಗೆ ಮೇಲೆ ಬೇಡ, ಹೊಕ್ಕುಳ ಹತ್ರ ಅವರೇ ಸುತ್ತಿಕೊಳ್ಳಲಿ, ಉಸಿರು ಬಿಟ್ಟಾಗ ನೀವು ಓದಿ. ಮೊದಲು ನಿಮ್ಮದನ್ನ ಅವರ ಮುಂದೆ ಅಳೆದು ತೋರಿಸಿ, ಆಮೇಲೆ ನಗು ನಿಲ್ಲತ್ತೆ. ಗಂಡಸರ ಸೊಂಟ ನೀವು ಅಳೆಯೋಕೆ ಮುಜುಗರ ಆದ್ರೆ ಅವರ ಹೆಂಡತಿ ಕೈಲಿ ಅಳೆಸಿ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸದಲ್ಲಿದೀನಿ. ಬಡ ಕುಟುಂಬಗಳಿಗೆ ಕನ್ನಡದಲ್ಲಿ ಫ್ರೀ ಆಗಿ ತೂಕ ಇಳಿಸೋ ಆಪ್ ಮಾಡಬೇಕು ಅಂತ ನಾವು ಮೂವರು ಗೆಳೆಯರು ಇದೀವಿ. ಏನೇನು ಇರಬೇಕು? — ಬೆಂಗಳೂರು

ಉತ್ತರ: ಕನ್ನಡದಲ್ಲಿ ಮಾಡಬೇಕು ಅಂದ್ಕೊಂಡಿದ್ದಕ್ಕೇ ಖುಷಿ ಆಯ್ತು. ಕೋಡ್ ಬರೆಯೋಕೆ ಮುಂಚೆ ಎರಡು ವಿಷಯ ತಿಳ್ಕೊಳ್ಳಿ. 2013ರಲ್ಲಿ ಪ್ರಕಟ ಆದ ದಕ್ಷಿಣ ಭಾರತದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆ ಅಂಚಲ್ಲಿದ್ದ 537 ಜನ ದುಡಿಯೋ ಗಂಡಸರನ್ನ ತಗೊಂಡು ಅರ್ಧ ಜನಕ್ಕೆ ಊಟ ನಡಿಗೆ ಬಗ್ಗೆ ಎಸ್ಸೆಮ್ಮೆಸ್ ಕಳಿಸ್ತಾ ಹೋದ್ರು, ಎರಡು ವರ್ಷಕ್ಕೆ ಮೆಸೇಜ್ ಬಂದೋರಲ್ಲಿ 18% ಜನಕ್ಕೆ ಕಾಯಿಲೆ ಬಂತು, ಬರದೋರಲ್ಲಿ 27%. ಮೆಸೇಜ್ ಕೆಲಸ ಮಾಡ್ತು. ಬಾಂಗ್ಲಾದೇಶದ ಫರೀದ್‌ಪುರದ 96 ಹಳ್ಳಿಗಳಲ್ಲಿ ಮಾಡಿದ್ದು 2019ರಲ್ಲಿ ಬಂತು, ಅಲ್ಲಿ ಕೆಲವು ಹಳ್ಳೀಲಿ ವಾರಕ್ಕೆ ಎರಡು ಸಲ ಫೋನಿಗೆ ವಾಯ್ಸ್ ಮೆಸೇಜ್, ಕೆಲವು ಹಳ್ಳೀಲಿ ತಿಂಗಳಿಗೊಂದು ಸಲ ಊರಿನವರೇ ಕೂತು ಸಮಸ್ಯೆ ಏನು, ನಾವೇನು ಮಾಡಬಹುದು ಅಂತ ಮಾತಾಡೋ ಸಭೆ, ಒಟ್ಟು 18 ಸಭೆ. ವಾಯ್ಸ್ ಮೆಸೇಜಿಂದ ಶುಗರ್ ಕಮ್ಮಿ ಆಗಲೇ ಇಲ್ಲ. ಸಭೆ ಮಾಡಿದ ಹಳ್ಳಿಗಳಲ್ಲಿ ಮಾತ್ರ ಸಕ್ಕರೆ ಕಾಯಿಲೆ ಮತ್ತು ಅದರ ಅಂಚಲ್ಲಿರೋರು, ಎರಡೂ ಸೇರಿ, ನೂರಕ್ಕೆ ಇಪ್ಪತ್ತರಷ್ಟು ಕಮ್ಮಿ ಕಂಡ್ರು, ಇದು ಸಣ್ಣ ಸಂಖ್ಯೆ ಅಲ್ಲ.

ನನಗನ್ಸೋದು, ಸಂಬಳ ಕೈಗೆ ಬಂದು ಫೋನ್ ತನ್ನದೇ ಜೇಬಲ್ಲಿ ಇರೋ ಗಂಡಸಿಗೆ ಒಂದು ನೆನಪಿನ ಮೆಸೇಜ್ ಸಾಕಾಗಬಹುದು. ಹೆಂಗಸರ ಮನೇಲಿ ಇರೋದು ಒಂದೇ ಸ್ಮಾರ್ಟ್‌ಫೋನ್, ಅದು ಗಂಡನ ಹತ್ರಾನೋ ಮಗನ ಹತ್ರಾನೋ ಇರತ್ತೆ, ಡೇಟಾ ಸಂಜೆಗೆ ಖಾಲಿ. ಅವಳು ಏನು ತಿನ್ನಬೇಕು ಅನ್ನೋದನ್ನ ಅವಳೊಬ್ಬಳೇ ತೀರ್ಮಾನ ಮಾಡೋಕೂ ಆಗಲ್ಲ, ಅತ್ತೆ ಇದ್ದಾರೆ, ಅಂಗಡಿ ಸಾಲ ಇದೆ. ಅವಳಿಗೆ ಪಕ್ಕದ ಮನೆಯವಳು ಜೊತೆಗೆ ಬೇಕು.

ಹಂಗಾದ್ರೆ ನೀವು ಮೂವರು ಏನು ಮಾಡಬಹುದು? ಗುಂಪು ನಡೆಸೋರಿಗೆ ಅಂತ ಮಾಡಿ, ಆಶಾ ಅಕ್ಕಂದಿರಿಗೆ, ಮಹಿಳಾ ಸಂಘಗಳ ಒಕ್ಕೂಟದ ಲೆಕ್ಕ ಪುಸ್ತಕ ಬರೆಯೋರಿಗೆ. ನೆಟ್ ಇಲ್ಲದೆ ನಡೀಬೇಕು. ಯಾರು ಬಂದ್ರು, ಸೊಂಟ ಎಷ್ಟು, ಬಿಪಿ ಎಷ್ಟು, ಎಣ್ಣೆ ಎಷ್ಟು ದಿನ ಬಂತು, ಇಷ್ಟು ತುಂಬಿದ್ರೆ ಮುಂದಿನ ಸಲ ಯಾರ ಮನೆಗೆ ಹೋಗಿ ವಿಚಾರಿಸಬೇಕು ಅಂತ ಅದು ತೋರಿಸಲಿ. ಕ್ಯಾಲೊರಿ ಎಣಿಸೋ ಪುಟ ಬೇಡವೇ ಬೇಡ. ಮಾಡೋಕೆ ಮುಂಚೆ ಒಂದು ತಿಂಗಳು ಯಾವುದಾದ್ರೂ ಒಂದು ಸಂಘದ ಮೀಟಿಂಗಿಗೆ ಹೋಗಿ ಹಿಂದೆ ಕೂತ್ಕೊಳ್ಳಿ, ಲ್ಯಾಪ್‌ಟಾಪ್ ತಗೊಂಡು ಹೋಗಬೇಡಿ. ಮೊದಲನೇ ಪತ್ರ ಬರೆದ ಸಂಯೋಜಕಿಗೆ ಇಂಥವರ ಸಹಾಯ ಬೇಕಾಗಿದೆ. ಇಬ್ಬರೂ ಒಪ್ಪಿದ್ರೆ ಪತ್ರಿಕೆ ಕಚೇರಿಗೆ ಒಂದು ಸಾಲು ಬರೀರಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಳಿಸಿಕೊಡ್ತೀವಿ.